ಬಸ್ ನಿಲ್ದಾಣಕ್ಕೆ ಮರಳುವ ಹುಡುಗಿ

ಲವೆಂಡರ್ ಮೂರನೆಯ ಸಲ ಓಡಿಹೋದ ಸುದ್ದಿ ಬಂದದ್ದು ಒಂದು ಶುಕ್ರವಾರ ಬೆಳಿಗ್ಗೆ, ಊರ್ಮಿಳಾ ಅಮೆರಿಕದ ಸ್ಯಾನ್ ರಮೋನಿನ ತನ್ನ ಆಫೀಸಿನೆದುರು ಕಾರು ನಿಲ್ಲಿಸುತ್ತಿದ್ದಾಗ. ಸಂದೇಶ ಕಳಿಸಿದವಳು ಪೆರೆಸ್ ಅಧಿಯಾಂಬೊ. ಕೀನ್ಯಾದ ಕಿಸುಮು ಎಂಬ ಊರಿನಲ್ಲಿ, ಬೀದಿಯಲ್ಲಿ ಬದುಕುವ ಹೆಣ್ಣುಮಕ್ಕಳಿಗೆ ಆಶ್ರಯಮನೆ ನಡೆಸುವ ಹೆಂಗಸು. ‘ಸ್ಕೂಲಿನಿಂದ ವಾಪಸು ಬರುವಾಗ ಸಾಲಿನಲ್ಲಿ ಇರಲಿಲ್ಲ. ಬಸ್ ನಿಲ್ದಾಣಕ್ಕೇ ಹೋಗಿರುತ್ತಾಳೆ. ನಾಳೆ ಹುಡುಕುತ್ತೇನೆ’ ಎಂದಷ್ಟೇ ಬರೆದಿದ್ದಳು.

ಆರು ವರ್ಷಗಳ ಹಿಂದೆ ಊರ್ಮಿಳಾ ಕಂಪನಿಯ ಕೆಲಸದ ಮೇಲೆ ಮೂರು ವಾರ ಕಿಸುಮುವಿನಲ್ಲಿದ್ದಳು. ಹೋಟೆಲಿನಿಂದ ಹೊರಡುವ ದಾರಿಯಲ್ಲಿ, ಬಸ್ ನಿಲ್ದಾಣದ ಮುಚ್ಚಿದ ಅಂಗಡಿಗಳ ಕೆಳಗೆ ರಟ್ಟು ಹಾಸಿಕೊಂಡು ಮಲಗಿದ ಹುಡುಗಿಯರನ್ನು ದಿನವೂ ಕಂಡಳು. ಅವರಿಗೆ ಗಂಜಿ ಹಂಚಲು ಬರುತ್ತಿದ್ದ ಪೆರೆಸಳ ಪರಿಚಯವಾಯಿತು. ಆಗ ಪೆರೆಸಳ ಬಳಿ ಇದ್ದದ್ದು ಎರಡು ಬಾಡಿಗೆ ಕೋಣೆ, ಒಂಬತ್ತು ಹುಡುಗಿಯರು. ಊರ್ಮಿಳಾ ಮರಳಿ ಬಂದು ಪರಿಚಯದ ಕನ್ನಡ ಕುಟುಂಬಗಳನ್ನು ಸೇರಿಸಿದಳು. ಈಗ ಹನ್ನೆರಡು ಮನೆಗಳ ಸಂಘವೊಂದಿದೆ. ಕಿಸುಮುವಿನಲ್ಲಿ ಮೂವತ್ತೊಂದು ಹುಡುಗಿಯರಿಗೆ ಹಾಸಿಗೆ, ಊಟ, ಸಮವಸ್ತ್ರ, ಸ್ಕೂಲು ನಡೆಯುತ್ತದೆ. ಲವೆಂಡರ್ ಅವರಲ್ಲಿ ಒಬ್ಬಳು. ಹತ್ತು ವರ್ಷ. ಲೆಕ್ಕದಲ್ಲಿ ಚುರುಕು, ಮಾತು ಕಡಿಮೆ.

ಭಾನುವಾರ ಸಂಘದ ಮೀಟಿಂಗಿತ್ತು. ಫಾಸ್ಟರ್ ಸಿಟಿಯಲ್ಲಿ ಗುರುಪ್ರಸಾದನ ಮನೆಯಲ್ಲಿ. ಊರ್ಮಿಳಾ ಹೊರಡುವಾಗ ಅವಳ ತಾಯಿ ನಾಗವ್ವ ಸೀರೆ ಉಟ್ಟು, ಮೇಲೊಂದು ಸ್ವೆಟರ್ ಹಾಕಿ ಬಾಗಿಲಲ್ಲಿ ನಿಂತಿದ್ದಳು.

“ನಾನೂ ಬರತೀನಿ. ಅವರ ಮನಿ ಹಿಂದ ನೀರೈತಿ ಅಂದಿದ್ಯಲ್ಲ, ನೋಡತೀನಿ.”

ನಾಗವ್ವನಿಗೆ ಅರವತ್ತೆಂಟು. ಧಾರವಾಡ ಜಿಲ್ಲೆಯ ಸರಕಾರಿ ಶಾಲೆಗಳಲ್ಲಿ ಮೂವತ್ತೈದು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದವಳು. ಗಂಡ ತೀರಿಕೊಂಡ ಮೇಲೆ ಮಗಳ ಜೊತೆ ಇದ್ದಾಳೆ. ಅವಳು ಹುಬ್ಬಳ್ಳಿಯ ಅನಾಥಾಶ್ರಮದಲ್ಲಿ ಬೆಳೆದವಳೆಂದು ಊರ್ಮಿಳಾಗೆ ಗೊತ್ತಿತ್ತು. ಅಜ್ಜ ಅಜ್ಜಿ ಇಬ್ಬರೂ ಕಾಲರಾದಲ್ಲಿ ಹೋದರು ಎಂದು ಚಿಕ್ಕಂದಿನಲ್ಲಿ ಕೇಳಿದ್ದಳು. ಅದಕ್ಕಿಂತ ಹೆಚ್ಚು ಅವ್ವ ಹೇಳಿರಲಿಲ್ಲ, ಇವಳು ಕೇಳಿರಲಿಲ್ಲ.

ಫ್ರೀವೇ ಹತ್ತಿದ ಮೇಲೆ ಊರ್ಮಿಳಾ ಲವೆಂಡರಳ ವಿಷಯ ತೆಗೆದಳು.

“ಹೂವಿನ ಹೆಸರೇನು ಅದು?” ನಾಗವ್ವ ಕೇಳಿದಳು.

“ಹೂಂ. ಮೂರನೇ ಸಲ ಅವ್ವಾ. ನಿನ್ನೆ ಸಿಕ್ಕಿದಾಳೆ, ವಾಪಸ್ ಕರಕೊಂಡು ಬಂದಿದಾರೆ. ಆದ್ರೆ ಇವತ್ತು ಗುರು ಸುಮ್ನೆ ಇರಲ್ಲ.”

ನಾಗವ್ವ ಸೇತುವೆ ಬಂದಾಗ ಎರಡೂ ಬದಿಯ ನೀರನ್ನು ನೋಡುತ್ತ ಕುಳಿತಳು.

ಗುರುಪ್ರಸಾದ ಮೈಸೂರಿನವನು, ಔಷಧ ಸಂಶೋಧನೆಯಲ್ಲಿ ಇರುವವನು. ಸಂಘದ ಅಧ್ಯಕ್ಷ. ಕಲ್ಲು ಮನಸ್ಸಿನವನಲ್ಲ, ಕಳೆದ ವರ್ಷ ಹುಡುಗಿಯರಿಗೆ ಟೈಫಾಯ್ಡ್ ಬಂದಾಗ ಎರಡು ದಿನ ರಜೆ ಹಾಕಿ ಕಿಸುಮುವಿನ ಡಾಕ್ಟರುಗಳ ಜೊತೆ ಫೋನಿನಲ್ಲೇ ಕೂತಿದ್ದ. ಆದರೆ ಯಾವುದನ್ನೂ ಸಂಖ್ಯೆಯಲ್ಲಿ ನೋಡದೆ ಅವನಿಗೆ ಸಮಾಧಾನವಿಲ್ಲ. ಅಂದು ಅವನ ಹಾಲಿನಲ್ಲಿ ಎಂಟು ಜನ ಸೇರಿದ್ದರು. ಟೀವಿ ಪರದೆಯ ಮೇಲೆ ಪೆರೆಸ್. ಇಲ್ಲಿ ಬೆಳಿಗ್ಗೆ ಒಂಬತ್ತು, ಅವಳಿಗೆ ಸಂಜೆ ಏಳು. ಅವಳ ಹಿಂದಿನಿಂದ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು.

“ನೋಡಿ, ಎರಡು ವರ್ಷದಲ್ಲಿ ಹನ್ನೊಂದು ಮಕ್ಕಳು ಓಡಿಹೋಗಿದಾರೆ,” ಎಂದ ಗುರುಪ್ರಸಾದ. “ಕೆಲವರು ಮತ್ತೆ ಮತ್ತೆ. ಆ ಕಡೆ ವೆಯ್ಟಿಂಗ್ ಲಿಸ್ಟಲ್ಲಿ ಇಪ್ಪತ್ತು ಹುಡುಗೀರು ಕಾಯ್ತಿದಾರೆ. ಒಂದು ಹಾಸಿಗೆ ಖಾಲಿ ಇಟ್ಕೊಂಡು ಕೂತ್ರೆ ಅದು ಅವರಿಗೆ ಅನ್ಯಾಯ ಅಲ್ವಾ? ನನ್ನ ಪ್ರಪೋಸಲ್ಲು ಎರಡು. ಒಂದು, ಕಾಂಪೌಂಡು ಗೋಡೆ ಎತ್ತರಿಸಿ ಗೇಟಿಗೆ ಬೀಗ. ಎರಡು, ಮೂರು ಸಲ ಓಡಿದ್ರೆ ಆ ಜಾಗ ಬೇರೆಯವರಿಗೆ.”

ಅಂದರೆ ಲವೆಂಡರಳ ಜಾಗ ಹೋದಂತೆ. ಎಲ್ಲರಿಗೂ ಅರ್ಥವಾಯಿತು. ಯಾರೂ ತಕ್ಷಣ ವಿರೋಧಿಸಲಿಲ್ಲ, ಏಕೆಂದರೆ ಕಾಯುತ್ತಿರುವ ಇಪ್ಪತ್ತು ಮಕ್ಕಳ ಮಾತು ಸುಳ್ಳಾಗಿರಲಿಲ್ಲ. ಅದನ್ನೇ ಪೆರೆಸಳಿಗೆ ಇಂಗ್ಲಿಷಿನಲ್ಲಿ ಹೇಳಿದಾಗ ಅವಳು, “ನೀವೆಲ್ಲ ಹಾಗೇ ತೀರ್ಮಾನಿಸಿದರೆ ನಾನು ಮಾಡಲೇಬೇಕಾಗುತ್ತದೆ. ಆದರೆ ಅವಳನ್ನು ಹೊರಗೆ ಕಳಿಸುವ ಮಾತು ನನ್ನ ಬಾಯಿಂದ ಹೇಗೆ ಬರುತ್ತದೋ ಗೊತ್ತಿಲ್ಲ” ಎಂದಳು.

ನಾಗವ್ವ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಇದ್ದಳು. ಮನೆಯ ಹಿಂದಿನ, ಕೆರೆಯಂಥ ಲಗೂನಿನ ನೀರು ನೋಡಲು ಅವಳನ್ನು ಅಲ್ಲಿ ಕೂರಿಸಿದ್ದರು. ಅವಳು ಕುರ್ಚಿಯನ್ನು ಈ ಕಡೆ ತಿರುಗಿಸಿಕೊಂಡಳು.

“ಆಕಿ ಓಡಿ ಹೋಗತಾಳ ಅಂತೀರಿ. ಯಾರ ಕಡೆ ಹೋಗತಾಳ ಅಂತ ಯಾರರೆ ಕೇಳೀರೇನು?”

ಗುರುಪ್ರಸಾದ ನಯವಾಗಿಯೇ ಹೇಳಿದ: “ಅಮ್ಮಾ, ಅದು ಬಸ್ ಸ್ಟ್ಯಾಂಡು. ಅಲ್ಲಿ ಅವಳಿಗೆ ಯಾರೂ ಇಲ್ಲ. ಅಭ್ಯಾಸ ಅಷ್ಟೆ. ಇಂಥ ಮಕ್ಕಳಿಗೆ ಒಂದು ಮನೇಲಿ ಇರೋದೇ ಕಷ್ಟ ಆಗುತ್ತೆ.”

“ನಾ ಐದು ಸಲ ಓಡಿ ಹೋಗಿದ್ದೆ,” ಎಂದಳು ನಾಗವ್ವ. ಆಮೇಲೆ ಮಗಳ ಕಡೆ ನೋಡಿ, “ಟೀವಿಯಾಗಿನ ಆ ಬಾಯಿಗೂ ತಿಳಿಯೂ ಹಂಗ ಇಂಗ್ಲಿಷಿನಾಗ ಹೇಳು” ಎಂದಳು.

ಊರ್ಮಿಳಾ ಒಂದು ವಾಕ್ಯವನ್ನು ಇಂಗ್ಲಿಷಿಗೆ ತಂದಳು. ಪರದೆಯ ಮೇಲೆ ಪೆರೆಸ್ ಕ್ಯಾಮೆರಾಕ್ಕೆ ಹತ್ತಿರ ಬಂದಳು.

“ನಾ ಏಳು ವರ್ಷದಾಕಿ. ನಮ್ಮವ್ವ ಹುಬ್ಬಳ್ಳಿ ಸ್ಟೇಶನ್ನಿನಾಗ ಕುಡಿಯೂ ನೀರಿನ ನಳದ ಬಾಜೂಕ ನನ್ನ ಕುಂದರಿಸಿ, ‘ಇಲ್ಲೇ ಇರು, ಎಲ್ಲೂ ಹೋಗಬ್ಯಾಡ, ಬರತೀನಿ’ ಅಂದ್ಲು. ಬರಲಿಲ್ಲ. ಎಂಟು ತಿಂಗಳು ಅಲ್ಲೇ ಇದ್ದೆ. ಮಂದಿ ತಿಂದು ಬಿಟ್ಟಿದ್ದು ತಿಂತಿದ್ದೆ. ಇನ್ನೂ ನಾಕೈದು ಹುಡುಗ್ರು ಇದ್ರು, ಅವರ ಜೋಡಿ ಮಲಗತಿದ್ದೆ. ಆಮ್ಯಾಲ ಒಬ್ಬ ಪೊಲೀಸ ನನ್ನ ಹಿಡದು ಆಶ್ರಮಕ್ಕ ಬಿಟ್ಟ. ಅಲ್ಲಿ ಹೊಟ್ಟಿ ತುಂಬ ರೊಟ್ಟಿ, ಹಾಸಿಗಿ, ಸಾಲಿ ಎಲ್ಲಾ ಇತ್ತು. ಆದ್ರೂ ಓಡಿದೆ.”

ಊರ್ಮಿಳಾ ಅನುವಾದಿಸುತ್ತಿದ್ದಳು. ಮೊದಲು ‘ಇವರು’ ಎಂದು ಶುರು ಮಾಡಿದ್ದಳು, ನಡುವೆ ‘ನನ್ನ ತಾಯಿ’ ಎಂದಾಯಿತು, ರೊಟ್ಟಿಯ ಮಾತಿನ ಹತ್ತಿರ ಧ್ವನಿ ನಿಂತಿತು. ಗುರುಪ್ರಸಾದನ ಹೆಂಡತಿ ವಸಂತಿ ನೀರಿನ ಲೋಟ ತಂದುಕೊಟ್ಟಳು. ಊರ್ಮಿಳಾ ಕುಡಿದು ಮುಂದುವರಿಸಿದಳು.

“ಯಾಕಮ್ಮಾ, ಅಷ್ಟೆಲ್ಲ ಇದ್ರೂ?” ಗುರುಪ್ರಸಾದ ಕೇಳಿದ. ಈಗ ಅವನ ಧ್ವನಿಯಲ್ಲಿ ವಾದವಿರಲಿಲ್ಲ.

“ನಮ್ಮವ್ವ ಸ್ಟೇಶನ್ನಿಗೆ ಬರಾಕಿ ಇದ್ಲಲ್ರೀ. ಆಶ್ರಮಕ್ಕ ಬರಾಕಿ ಅಲ್ಲ. ನಾ ನಳದ ಕಡೆ ಇರದಿದ್ರ ಆಕಿಗೆ ಹ್ಯಾಂಗ ಸಿಗಬೇಕು? ಮೊದಲನೇ ಸಲ ಹೊಡದ್ರು. ಎರಡನೇ ಸಲ ತಲಿ ಬೋಳಿಸಿದ್ರು. ಆಮ್ಯಾಲ ಗೋಡಿ ಎತ್ತರ ಮಾಡಿದ್ರು. ಪೇರಲ ಗಿಡ ಹತ್ತಿ ಹಾರಿದೆ, ಕಾಲು ಮುರಕೊಂಡೆ. ಕಾಲು ಕೂಡಿದ ಮ್ಯಾಲ ಮತ್ತ ಹೋದೆ.”

“ಆಮೇಲೆ ಹೇಗೆ ನಿಂತಿತು?” ಇದನ್ನು ಕೇಳಿದವಳು ಪೆರೆಸ್.

“ಹೊಸಾ ಮೇಡಂ ಬಂದ್ರು. ಮೊದಲು ನರ್ಸ್ ಆಗಿದ್ರಂತ, ನಾವೆಲ್ಲ ದೊಡ್ಡಬಾಯಿ ಅಂತಿದ್ವಿ. ಐದನೇ ಸಲ ನಾ ಸಿಕ್ಕಾಗ ಅವರು ಬೈಲಿಲ್ಲ. ‘ಎಲ್ಲಿ ಕುಂದರತಿ, ತೋರಸು’ ಅಂದ್ರು. ನನ್ನ ಜೋಡಿ ಬಂದು ನಳದ ಬಾಜೂಕ ಕೂತ್ರು. ಚಾದ ಅಂಗಡಿಯವಗ, ಹಮಾಲರಿಗೆ, ಸ್ಟೇಶನ್ ಮಾಸ್ತರಿಗೆ ಎಲ್ಲಾರಿಗೂ ಆಶ್ರಮದ ವಿಳಾಸ ಬರದು ಕೊಟ್ರು. ‘ನಿಮ್ಮವ್ವ ಬಂದ್ರ ಇವರು ಕಳಸತಾರ’ ಅಂದ್ರು. ಆದ್ರೂ ಪ್ರತಿ ಐತವಾರ ಕರಕೊಂಡು ಹೋಗತಿದ್ರು. ಒಂದು ವರ್ಷ ಹಂಗ ನಡೀತು. ಒಂದು ಐತವಾರ ನಾನ ಅಂದೆ, ‘ಇವತ್ತು ಬ್ಯಾಡ್ರೀ, ನಾಳೆ ಪರೀಕ್ಷಾ ಐತಿ.’”

ಅವಳ ಮಾತು ಅಲ್ಲಿಗೆ ಮುಗಿಯಿತು. ನಿರ್ಣಯಕ್ಕೆ ಓಟು ಹಾಕುವ ಉಮೇದು ಯಾರಲ್ಲೂ ಉಳಿಯಲಿಲ್ಲ. ಪೆರೆಸ್ ಮುಖ ಒರೆಸಿಕೊಂಡು, “ಯಾಕೆ ಹೋದೆ ಎಂದು ನಾನು ಎಷ್ಟೋ ಸಲ ಕೇಳಿದ್ದೇನೆ. ಯಾರ ಹತ್ತಿರ ಹೋದೆ ಎಂದು ಕೇಳಿಲ್ಲ. ನನಗೆ ಒಂದು ತಿಂಗಳು ಕೊಡಿ” ಎಂದಳು. ಗುರುಪ್ರಸಾದ ಒಪ್ಪಿದ. ಗೋಡೆಯ ವಿಷಯವನ್ನೂ ಅಲ್ಲಿಯವರೆಗೆ ಮುಂದಕ್ಕೆ ಹಾಕಿದರು.

ವಾಪಸು ಬರುವಾಗ ಸೇತುವೆಯ ನಡುವೆ ಊರ್ಮಿಳಾ ಮಾತು ತೆಗೆದಳು.

“ನನಗೆ ಕಾಲರಾ ಅಂದಿದ್ದಿ ಅವ್ವಾ.”

“ನೀ ಸಣ್ಣಾಕಿ ಇದ್ದಿ. ನಿಮ್ಮಜ್ಜಿ ನನ್ನ ಬಿಟ್ಟು ಹೋದ್ಲು ಅಂದಿದ್ರ, ನಾನೂ ನಿನ್ನ ಎಲ್ಲೆರೆ ಬಿಟ್ಟು ಹೋಗತೀನಿ ಅಂತ ಅಂಜತಿದ್ದಿ.”

“ಆಮೇಲೆ ನಾ ದೊಡ್ಡಾಕಿ ಆದೆನಲ್ಲ?”

“ಆಗಿದ್ದಿ. ಅಷ್ಟೊತ್ತಿಗೆ ಹೇಳೋ ರೂಢಿ ತಪ್ಪಿ ಹೋಗಿತ್ತು.”

“ಅಪ್ಪಗೆ ಗೊತ್ತಿತ್ತಾ?”

“ಗೊತ್ತಿತ್ತು. ಲಗ್ನಕ್ಕ ಮೊದಲ ಹೇಳಿದ್ದೆ.”

ಊರ್ಮಿಳಾಗೆ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಅವಳಿಗೇ ತಿಳಿಯಲಿಲ್ಲ. ಆರು ವರ್ಷ ಅವಳು ಊಟದ ಮೇಜಿನಲ್ಲಿ ಕಿಸುಮುವಿನ ಮಕ್ಕಳ ಕಥೆಗಳನ್ನು ತಾಯಿಗೆ ವಿವರಿಸಿ ಹೇಳಿದ್ದಳು. ರಟ್ಟಿನ ಮೇಲೆ ಮಲಗುವುದು ಹೇಗಿರುತ್ತದೆ ಗೊತ್ತಾ ಅವ್ವಾ, ಎಂದೂ ಒಂದು ಸಲ ಕೇಳಿದ್ದಳು. ಅದು ನೆನಪಾಗಿ ಅವಳ ಕಿವಿ ಬಿಸಿಯಾಯಿತು. ಮನೆ ಮುಟ್ಟಿದ ಮೇಲೆ ಕಾರಿನಲ್ಲೇ ಕೂತು ಅತ್ತಳು. ನಾಗವ್ವ ಬಾಗಿಲು ತೆಗೆಯದೆ, ಮಗಳ ಅಳು ಮುಗಿಯುವವರೆಗೆ ಪಕ್ಕದಲ್ಲಿ ಕೂತಿದ್ದಳು.

ಪೆರೆಸಳಿಂದ ವಿಷಯ ಬರಲು ಹದಿನೈದು ದಿನ ಹಿಡಿಯಿತು. ಮೊದಲ ವಾರ ಲವೆಂಡರ್ ಏನೂ ಹೇಳಿರಲಿಲ್ಲ. ಎರಡನೆಯ ವಾರ, “ನೀನು ಹೋಗುವ ಕಡೆಗೆ ನಾನೂ ಬರಲಾ” ಎಂದು ಪೆರೆಸ್ ಕೇಳಿದಾಗ ಒಪ್ಪಿದಳು. ಬಸ್ ನಿಲ್ದಾಣದ ಹಿಂದೆ ಮೀನು ಮಾರುವವರ ಸಾಲಿನಲ್ಲಿ ಒಬ್ಬ ಹೆಂಗಸಿನ ಬಳಿಗೆ ಕರೆದುಕೊಂಡು ಹೋದಳು. ಆ ಹೆಂಗಸಿನ ಬೆನ್ನಿಗೆ ಕಟ್ಟಿದ್ದ ಎರಡು ವರ್ಷದ ಕೂಸು ಲವೆಂಡರಳ ತಂಗಿ. ತಾಯಿ ಸತ್ತ ಮೇಲೆ ಅಕ್ಕ ತಂಗಿ ಇಬ್ಬರೂ ಅಲ್ಲೇ ಇದ್ದರು. ಪೆರೆಸ್ ಲವೆಂಡರಳನ್ನು ಆಶ್ರಯಮನೆಗೆ ಕರೆತಂದ ದಿನ ಕೂಸು ಆ ಹೆಂಗಸಿನ ಬಳಿ ಇತ್ತು. ಆಶ್ರಯಮನೆಯಲ್ಲಿ ಆರು ವರ್ಷಕ್ಕಿಂತ ಚಿಕ್ಕವರನ್ನು ತೆಗೆದುಕೊಳ್ಳುವುದಿಲ್ಲ ಎಂದು ಯಾರೋ ಹೇಳಿದ್ದು ಲವೆಂಡರಳ ಕಿವಿಗೆ ಬಿದ್ದಿತ್ತು. ಹಾಗಾಗಿ ತಂಗಿಯ ಸುದ್ದಿ ಎತ್ತಿದರೆ ತನ್ನನ್ನೂ ಕಳಿಸಿಬಿಡುತ್ತಾರೆಂದು ಬಾಯಿ ಮುಚ್ಚಿಕೊಂಡಿದ್ದಳು. ಪ್ರತಿ ಸಲ ಓಡಿಹೋಗುವಾಗ ಊಟದಲ್ಲಿ ಉಳಿಸಿದ ಬ್ರೆಡ್ಡು ಅವಳ ಸ್ಕೂಲಿನ ಚೀಲದಲ್ಲಿರುತ್ತಿತ್ತು.

ಆ ವಯಸ್ಸಿನ ನಿಯಮ ಮಾಡಿದ್ದು ಇಲ್ಲಿಯ ಸಂಘ. ನಾಲ್ಕು ವರ್ಷದ ಹಿಂದೆ, ಗುರುಪ್ರಸಾದನ ಅದೇ ಹಾಲಿನಲ್ಲಿ. ಓಟು ಹಾಕಿದವರಲ್ಲಿ ಊರ್ಮಿಳಾ ಕೂಡ ಇದ್ದಳು.

ಮುಂದಿನದು ಸುಲಭವಾಗಲಿಲ್ಲ. ಮೀನಿನ ಹೆಂಗಸು ಕೂಸನ್ನು ಕೊಡಲು ಒಪ್ಪಲಿಲ್ಲ. ಒಂದು ವರ್ಷ ಸಾಕಿದ್ದೇನೆ ಎಂದಳು, ಅದೂ ನಿಜವಾಗಿತ್ತು. ಮಕ್ಕಳ ಇಲಾಖೆಯ ಅಧಿಕಾರಿ ಬರಬೇಕಾಯಿತು, ಕಾಗದಗಳು ಓಡಾಡಿದವು. ಆ ನಡುವೆ ಲವೆಂಡರ್ ನಾಲ್ಕನೆಯ ಸಲ ಓಡಿಹೋದಳು. ಈ ಸಲ ಗುರುಪ್ರಸಾದನೇ ಊರ್ಮಿಳಾಗೆ ಫೋನು ಮಾಡಿ, “ಫಿಶ್ ಮಾರ್ಕೆಟ್ಟಲ್ಲೇ ಇರ್ತಾಳೆ, ಗಾಬರಿ ಆಗ್ಬೇಡಿ ಅಂತ ಪೆರೆಸ್‌ಗೆ ಹೇಳಿ” ಎಂದ. ಅಲ್ಲೇ ಸಿಕ್ಕಳು. ಆಮೇಲೆ ಪೆರೆಸ್ ಪ್ರತಿ ಶನಿವಾರ ಅವಳನ್ನು ಕೂಸಿನ ಬಳಿ ಕರೆದುಕೊಂಡು ಹೋಗತೊಡಗಿದಳು. ಮೂರು ತಿಂಗಳ ಮೇಲೆ ಕೂಸು ಆಶ್ರಯಮನೆಗೆ ಬಂತು. ಮೀನಿನ ಹೆಂಗಸು ಬೇಕೆನಿಸಿದಾಗ ಬಂದು ನೋಡಿಹೋಗುವ ಮಾತಾಯಿತು, ಅವಳು ಬರುತ್ತಲೂ ಇದ್ದಾಳೆ.

ಸಂಘ ವಯಸ್ಸಿನ ನಿಯಮವನ್ನು ತೆಗೆದುಹಾಕಿತು. ಗೋಡೆ ಎತ್ತರಿಸಲಿಲ್ಲ. ಅದರ ಬದಲು ಬಸ್ ನಿಲ್ದಾಣದ ಹತ್ತಿರ ಒಂದು ಕೋಣೆ ಹಿಡಿದರು. ಆಶ್ರಯಮನೆಗೆ ಬರಲು ಇನ್ನೂ ಮನಸ್ಸಿಲ್ಲದ, ಇಲ್ಲವೇ ಅಲ್ಲಿ ಜಾಗಕ್ಕೆ ಕಾಯುತ್ತಿರುವ ಹುಡುಗಿಯರು ಹಗಲಿನಲ್ಲಿ ಅಲ್ಲಿ ಸ್ನಾನ ಮಾಡಬಹುದು, ಊಟ ಮಾಡಬಹುದು, ಒಬ್ಬ ಟೀಚರ್ ಇರುತ್ತಾಳೆ. ಕಾಯುತ್ತಿದ್ದ ಇಪ್ಪತ್ತು ಜನರಲ್ಲಿ ಹದಿಮೂರು ಹುಡುಗಿಯರು ಅಲ್ಲಿಗೆ ಬರತೊಡಗಿದರು. ಇದು ಗುರುಪ್ರಸಾದನ ಯೋಜನೆ. ಮೀಟಿಂಗಿಗೆ ಮೊದಲು ಅವನು ಅದನ್ನು ನಾಗವ್ವನಿಗೆ ಫೋನಿನಲ್ಲಿ ಓದಿ ಹೇಳಿದ್ದ.

ಈಗ ಗುರುವಾರ ಬೆಳಿಗ್ಗೆ ಊರ್ಮಿಳಾ ಆಫೀಸಿಗೆ ಒಂದು ತಾಸು ತಡವಾಗಿ ಹೋಗುತ್ತಾಳೆ. ಅಡಿಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪು ಇಟ್ಟು ಪೆರೆಸಳಿಗೆ ಕರೆ ಮಾಡಿ, ಅವ್ವನ ಪಕ್ಕದಲ್ಲಿ ಕೂತು ಎರಡೂ ಕಡೆಯ ಮಾತನ್ನು ದಾಟಿಸುತ್ತಾಳೆ. ದಿಂಬಿನ ಕೆಳಗೆ ಬ್ರೆಡ್ಡು ಬಚ್ಚಿಡುವ ಹುಡುಗಿಯರಿಗೆ ಏನು ಮಾಡುವುದು ಎಂದು ಪೆರೆಸ್ ಕೇಳುತ್ತಾಳೆ. “ಒಂದು ಡಬ್ಬಿ ಕೊಡ್ರಿ, ಇರುವಿ ಹತ್ತೂದಿಲ್ಲ,” ಎನ್ನುತ್ತಾಳೆ ನಾಗವ್ವ. ಒಮ್ಮೊಮ್ಮೆ ಲವೆಂಡರ್ ತಂಗಿಯನ್ನು ಸೊಂಟದ ಮೇಲೆ ಇಟ್ಟುಕೊಂಡು ಕ್ಯಾಮೆರಾದ ಮುಂದೆ ಬಂದು ನಿಲ್ಲುತ್ತಾಳೆ. ಅವಳು ಈಗ ನಾಲ್ಕನೆಯ ತರಗತಿ. ನಾಗವ್ವ ಮಗ್ಗಿ ಕೇಳುತ್ತಾಳೆ, ಅವಳು ಇಂಗ್ಲಿಷಿನಲ್ಲಿ ಹೇಳುತ್ತಾಳೆ. ಅಷ್ಟಕ್ಕೆ ಇಬ್ಬರಿಗೂ ಅನುವಾದ ಬೇಕಾಗುವುದಿಲ್ಲ.

ಕಳೆದ ವರ್ಷ ಆರು ಹುಡುಗಿಯರು ಓಡಿಹೋದರು, ಐವರು ಮರಳಿ ಬಂದರು. ಬಾರದವಳ ಹೆಸರು ನೆಕೇಸಾ, ಹನ್ನೆರಡು ವರ್ಷ. ಅವಳು ಯಾರ ಕಡೆಗೆ ಹೋದಳೆಂದು ಇನ್ನೂ ಗೊತ್ತಾಗಿಲ್ಲ. ಪೆರೆಸ್ ನಿಲ್ದಾಣದ ಡ್ರೈವರುಗಳಿಗೆಲ್ಲ ಫೋನ್ ನಂಬರು ಬರೆದುಕೊಟ್ಟಿದ್ದಾಳೆ. ಗುರುವಾರದ ಕರೆಯಲ್ಲಿ ನಾಗವ್ವ ಎಲ್ಲಕ್ಕಿಂತ ಮೊದಲು ಅವಳ ಬಗ್ಗೆ ಕೇಳುತ್ತಾಳೆ. ಇಲ್ಲ ಎಂದು ಪೆರೆಸ್ ತಲೆಯಾಡಿಸುತ್ತಾಳೆ. ಆಮೇಲೆ ಉಳಿದ ಮಾತು ಶುರುವಾಗುತ್ತದೆ.