ಬುತ್ತಿಚೀಲದ ಸೈಕಲ್ಲು

ನಾನು ಒಂದು ತಗಡು. ಪೂರ್ತಿ ತಗಡೂ ಅಲ್ಲ; ನನ್ನ ನಡುವೆ ಸೈಕಲ್ಲಿನ ಆಕಾರದ ತೂತಿದೆ. ನನ್ನನ್ನು ರಸ್ತೆಯ ಮೇಲೆ ಮಲಗಿಸಿ, ಬಿಳಿ ಬಣ್ಣ ಬಳಿದು ಎತ್ತಿದರೆ ನೆಲದಲ್ಲಿ ಒಂದು ಸೈಕಲ್ಲು ಉಳಿಯುತ್ತದೆ. ಇದು ಸೈಕಲ್ಲಿನವರ ದಾರಿ ಎಂದು ಅದರ ಅರ್ಥ. ಆ ಅರ್ಥ ಕಾರಿನವರಿಗೆ ಇವತ್ತಿನವರೆಗೂ ತಿಳಿದಿಲ್ಲ.

ನಾನು ಹುಟ್ಟಿದ್ದು ಗಿರಣಿ ಓಣಿಯ ಖಾದರಸಾಬನ ತಗಡಿನ ಅಂಗಡಿಯಲ್ಲಿ. ಗುತ್ತಿಗೆದಾರ ಬಂದು, ಸಂಜೆಯೊಳಗೆ ಸೈಕಲ್ಲಿನ ಅಚ್ಚು ಬೇಕೆಂದು ಹೇಳಿ ಹೋದ, ಚಿತ್ರ ಕೊಡಲಿಲ್ಲ. ಖಾದರಸಾಬ ಎದುರಿಗೆ ನಿಂತಿದ್ದ ಸೈಕಲ್ಲನ್ನೇ ನೋಡುತ್ತ ಸೀಮೆಸುಣ್ಣದಿಂದ ಗೀಚಿ, ಉಳಿಯಿಂದ ಕತ್ತರಿಸಿದ. ಚಕ್ರದ ನಡುವಿನ ತಗಡು ಉದುರಿಹೋಗದಂತೆ ಅಲ್ಲಲ್ಲಿ ಬೆರಳಗಲದ ಪಟ್ಟಿ ಬಿಟ್ಟ. ಆ ಸೈಕಲ್ಲು ಪಕ್ಕದ ಮನೆಯ ಕಸ್ತೂರವ್ವನದು; ಅವಳು ದವಾಖಾನೆಯಲ್ಲಿ ಆಯಾ. ಹ್ಯಾಂಡಲ್ಲಿಗೆ ಅವಳ ಬುತ್ತಿಚೀಲ ತೂಗುತ್ತಿತ್ತು. ಕತ್ತರಿಸುವ ಭರದಲ್ಲಿ ಖಾದರಸಾಬ ಅದನ್ನೂ ಕತ್ತರಿಸಿಬಿಟ್ಟ.

ಪಾಲಿಕೆಯ ಇಂಜಿನಿಯರು ನನ್ನನ್ನು ತಿರುಗಿಸಿ ನೋಡಿದರು. “ಏನಪಾ ಇದು, ಹ್ಯಾಂಡಲ್ಲಿಗೆ ಏನೋ ಜೋತ್ ಬಿದ್ದೈತಲ್ಲ?”

“ಬುತ್ತಿಚೀಲರೀ ಸಾಹೇಬ್ರ. ಸೈಕಲ್ ಹೊಡಿಯೋರು ದುಡಿಯಾಕ ಹೊಂಟೋರು, ಗಾಳಿ ತಿನ್ನಾಕ ಅಲ್ರೀ.”

ಇಂಜಿನಿಯರು ಗಡಿಯಾರ ನೋಡಿಕೊಂಡರು. “ಇರ್ಲಿ ಬಿಡು. ನಾಳೆ ಉದ್ಘಾಟನೆ ಐತಿ.”

ಹೀಗೆ ನಮ್ಮೂರಿನ ರಸ್ತೆಗಳ ತುಂಬ ಬುತ್ತಿಚೀಲದ ಸೈಕಲ್ಲುಗಳು ಬಿದ್ದುಕೊಂಡವು. ಉದ್ಘಾಟನೆಗೆ ಬಂದವರೆಲ್ಲ ಕಾರಿನಲ್ಲಿ ಬಂದರು, ಹಸಿ ಬಣ್ಣದ ಮೇಲೆಯೇ ನಿಲ್ಲಿಸಿದರು. ಅರ್ಧ ಸೈಕಲ್ಲು ಒಬ್ಬ ಸಾಹೇಬರ ಟೈರಿಗೆ ಅಂಟಿಕೊಂಡು ಅವರ ಮನೆಗೆ ಹೋಯಿತು.

ಅಲ್ಲಿಂದ ನನ್ನ ಬಾಳು ಬಳಿಯುವುದು, ಅಳಿಸುವುದು. ಬಳಿದ ತಿಂಗಳಿಗೆ ಪೈಪಿನವರು ಅಗೆಯುತ್ತಿದ್ದರು. ಮುಚ್ಚಿದ ಮೇಲೆ ಮತ್ತೆ ನಾನು. ಬಣ್ಣಕ್ಕೆ ಪ್ರತಿ ವರ್ಷ ರೊಕ್ಕ ಇರುತ್ತಿತ್ತು. ಕಾರು ಒಳಗೆ ಬಾರದಂತೆ ಸಾಲಾಗಿ ನಾಲ್ಕು ಕಂಬ ನೆಡಿ ಎಂದರೆ ಅನುದಾನವಿಲ್ಲ. ಮೇಲ್ಸೇತುವೆಗೆ ಅನುದಾನವಿತ್ತು, ಅದರ ಬಾಯಿಗೆ ‘ಸೈಕಲ್ಲಿಗೆ ಪ್ರವೇಶವಿಲ್ಲ’ ಎಂಬ ಫಲಕ ಹಾಕಲಿಕ್ಕೂ ಇತ್ತು. ನಾನು ತೂತಾದ ತಗಡು, ನನಗೆ ಬುದ್ಧಿ ಎಷ್ಟಿದ್ದೀತು? ಆದರೂ ಇದು ಹೊಳೆಯುತ್ತದೆ: ಬಣ್ಣ ದಾರಿಯಲ್ಲ.

ಮೂರನೆಯ ವರ್ಷ, ಬಸ್ ನಿಲ್ದಾಣದ ತಿರುವಿನಲ್ಲಿ ನಾನು ಬಣ್ಣ ಮೆತ್ತಿಕೊಂಡು ಮಲಗಿದ್ದೆ. ಕಸ್ತೂರವ್ವ ಬಂದಳು. ಅವಳ ದಾರಿಯಲ್ಲಿ ಕಾರು ನಿಂತಿತ್ತು. ಅದನ್ನು ಬಳಸಿ ನಡುರಸ್ತೆಗೆ ಹೊರಳಿದಳು. ಅದೇ ಹೊತ್ತಿಗೆ ಕಾರಿನ ಬಾಗಿಲು ತೆರೆಯಿತು. ಬುತ್ತಿ ಚೆಲ್ಲಿತು. ಬಲಗೈಯ ಮಣಿಕಟ್ಟು ಮುರಿಯಿತು. ಕಾರಿನವನು ಇಳಿದು ಮೊದಲು ನೋಡಿದ್ದು ಬಾಗಿಲಿಗೆ ಗೀರು ಬಿದ್ದಿದೆಯೇ ಎಂದು.

ಅದೇ ವಾರ ಗುತ್ತಿಗೆದಾರ, ಡೊಂಕಾದ ನನ್ನನ್ನು ನೆಟ್ಟಗೆ ಮಾಡಿಡು ಎಂದು ಖಾದರಸಾಬನ ಅಂಗಡಿಯಲ್ಲಿ ಎಸೆದು ಹೋದವನು ಮರಳಿ ಬರಲಿಲ್ಲ. ಗೋಡೆಗೆ ಒರಗಿ ನಿಂತ ನನಗೆ ಪಕ್ಕದ ಮನೆಯ ಮಾತೆಲ್ಲ ಕೇಳುತ್ತಿತ್ತು.

ಕಸ್ತೂರವ್ವನ ಮಗಳು ಪವಿತ್ರಾ ಆಗ ಎಂಟನೇ ತರಗತಿ. ಶಾಲೆಯಲ್ಲಿ ಅವಳಿಗೆ ಸರಕಾರದ ಸೈಕಲ್ಲು ಸಿಕ್ಕಿತು. ಕಸ್ತೂರವ್ವ ಅದನ್ನು ಕಿಟಕಿಯ ಸರಳಿಗೆ ಸರಪಳಿ ಹಾಕಿ ಬೀಗ ಜಡಿದಳು.

“ಅವ್ವಾ, ಎಲ್ಲಾರೂ ಸೈಕಲ್ ಮ್ಯಾಲ ಹೊಂಟಾರ.”

“ಎಲ್ಲಾರನ್ನ ಯಾಕ್ ನೋಡ್ತಿ? ನನ್ ಕೈ ನೋಡು.”

ಪವಿತ್ರಾ ದಿನಾ ಮೂರು ಕಿಲೋಮೀಟರು ನಡೆದಳು. ಮೊದಲನೇ ಪಿರಿಯಡ್ಡು ದಿನಾ ತಪ್ಪಿತು. ಅದು ಗಣಿತದ್ದು. ‘ಹಿಂಗ ಆದ್ರ ಶಾಲಿ ಬಿಡಿಸಿ ಬಿಡ್ರಿ’ ಎಂದು ಮಾಸ್ತರು ಹೇಳಿ ಕಳಿಸಿದಾಗ ಕಸ್ತೂರವ್ವ ಪ್ಲಾಸ್ಟರಿನ ಕೈ ಹೊತ್ತು ಪಾಲಿಕೆಗೆ ಹೋದಳು. ಬಂದವಳು ಖಾದರಸಾಬನ ಕಟ್ಟೆಯ ಮೇಲೆ ಕುಕ್ಕರಿಸಿದಳು.

“ಸೈಕಲ್ ಕೊಡ್ತಾರಂತ, ದಾರಿ ಕೊಡಂಗಿಲ್ಲಂತ. ಚಪ್ಪಲಿ ಕೊಟ್ಟು ಕಾಲ್ ಕಸಗೊಂಡಂಗಾತು, ಖಾದರಣ್ಣ. ಮುಂದಿನ ಬಜೆಟ್ನ್ಯಾಗ ನೋಡೂಣು ಅಂದ್ರು. ಅಲ್ಲೀತನ ನನ್ ಮಗಳು ಶಾಲ್ಯಾಗ ಇರ್ಬೇಕಲ್ಲ?”

ಖಾದರಸಾಬ ನನ್ನ ಕಡೆ ನೋಡಿದ.

ಡಾಂಬರಿನ ಖಾಲಿ ಡ್ರಮ್ಮುಗಳು ಕಾಮಗಾರಿ ಮುಗಿದು ವರ್ಷವಾದರೂ ರಸ್ತೆ ಬದಿಯಲ್ಲೇ ಬಿದ್ದಿದ್ದವು. ಪೈಪಿನವರು ಅಗೆದ ಮಣ್ಣೂ ಅಲ್ಲೇ ಗುಡ್ಡೆಯಾಗಿತ್ತು. ಭಾನುವಾರ ಇಬ್ಬರೂ ಏಳು ಡ್ರಮ್ಮು ಉರುಳಿಸಿ, ಅವಳು ಬಿದ್ದ ತಿರುವಿನಲ್ಲೇ ಸಾಲಾಗಿ ನಿಲ್ಲಿಸಿ ಮಣ್ಣು ತುಂಬಿದರು. ಖಾದರಸಾಬ ನನ್ನನ್ನು ಬಗ್ಗಿಸಿ ಡ್ರಮ್ಮಿಗೆ ಸುತ್ತಿ ಹಿಡಿದ. ಕಸ್ತೂರವ್ವ ಎಡಗೈಯಿಂದ ಸುಣ್ಣ ಬಳಿದಳು. ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಸೈಕಲ್ಲುಗಳು ಎದ್ದು ನಿಂತವು.

ಬುಧವಾರ ಪಾಲಿಕೆಯ ಲಾರಿ ಬಂದ ಕಥೆ ನನಗೆ ಅಂಗಡಿಯಲ್ಲೇ ಕೇಳಿಬಂತು.

“ಯಾರ್ ಇಟ್ಟಾರೋ ಇವನ್ನ? ಎತ್ರಿ, ಎತ್ರಿ!” ಮೇಸ್ತ್ರಿ ಕೂಗಿದ.

ಕೂಲಿಯವನೊಬ್ಬ ಬಗ್ಗಿ ನೋಡಿದ. “ತಡೀರಿ ಮೇಸ್ತ್ರಿ. ಬುತ್ತಿಚೀಲ ಐತಿ. ಇದು ನಮ್ ಪಾಲಿಕಿ ಸೈಕಲ್ಲು.”

“ಹೌದಲ್ಲೋ! ಮತ್ತ ನಮಗ್ಯಾರೂ ಹೇಳಿಲ್ಲ?”

“ನಮಗ ಯಾವಾಗ ಹೇಳ್ಯಾರ?”

ಲಾರಿ ಖಾಲಿಯಾಗಿ ಮರಳಿತು. ಮರುದಿನ ಬೆಳಗ್ಗೆ ಕಸ್ತೂರವ್ವ ಬೀಗ ತೆಗೆದಳು. ಪವಿತ್ರಾ ಗಣಿತದ ಪಿರಿಯಡ್ಡಿಗೆ ಗಂಟೆ ಬಾರಿಸುವ ಮೊದಲೇ ಹೋಗಿ ಕೂತಳಂತೆ.

ಇಲ್ಲಿಗೆ ಮುಗಿದಿದ್ದರೆ ನಾನು ಸುಖಿ. ತಿಂಗಳ ಮೇಲೆ ಖಾದರಸಾಬ ಪೇಪರು ಓದಿ ಹೇಳಿದ: ಪಾಲಿಕೆಯ ವರ್ಷದ ಸಾಧನೆಗಳಲ್ಲಿ ‘ಸುರಕ್ಷಿತ ಸೈಕಲ್ ಪಥ’ವೂ ಇದೆ. ಫೋಟೋದಲ್ಲಿ ನಮ್ಮ ಏಳು ಡ್ರಮ್ಮು, ಪಕ್ಕದಲ್ಲಿ ಇಂಜಿನಿಯರ ನಗು. ಕೆಲಸ ಪೂರ್ಣಗೊಂಡಿರುವುದರಿಂದ ಮುಂದಿನ ಬಜೆಟ್ಟಿನಲ್ಲಿ ಅದಕ್ಕೆ ಏನೂ ಇಟ್ಟಿಲ್ಲವಂತೆ.

ನನಗೀಗ ವಯಸ್ಸಾಗಿದೆ. ಚಕ್ರದ ಪಟ್ಟಿಗಳು ಮುರಿದಿವೆ. ಈಗ ಬಳಿದರೆ ಚಕ್ರದ ಜಾಗದಲ್ಲಿ ರೊಟ್ಟಿಯಂಥ ಬಿಳಿ ಗುಂಡು ಮೂಡುತ್ತದೆ. ವಿಶ್ರಾಂತಿ ಬೇಕೆನ್ನಿಸುತ್ತದೆ. ಒಂದು ಊರಿಗೆ ದಾರಿ ಮಾಡಿಕೊಡುವುದು ನನ್ನಂಥ ತಗಡಿನ ಕೆಲಸವೇ? ಆ ಕೆಲಸಕ್ಕೆಂದೇ ಮೂರು ಅಂತಸ್ತಿನ ಕಟ್ಟಡವಿದೆ, ಅದರ ಮುಂದೆ ಕಾರು ನಿಲ್ಲಿಸಲು ಜಾಗವೂ ಇದೆ.

ಏಳನೇ ಡ್ರಮ್ಮಿನ ಆಚೆಗೆ ಶಾಲೆ ಇನ್ನೂ ಒಂದು ಕಿಲೋಮೀಟರು. ಕಸ್ತೂರವ್ವ ದಿನಾ ಅಲ್ಲಿಯವರೆಗೆ ಹೋಗಿ, ಮಗಳ ಜಡೆ ಕಾರುಗಳ ನಡುವೆ ಮರೆಯಾಗುವವರೆಗೂ ನಿಲ್ಲುತ್ತಾಳೆ. ಮರಳುವಾಗ ನಮ್ಮ ಅಂಗಡಿಯೊಳಗೆ ಇಣುಕುತ್ತಾಳೆ.

“ಖಾದರಣ್ಣ, ಎಂಟನೇದು ಎಲ್ಲೆರೆ ಸಿಕ್ಕಿತೇನು?”