ಲುದಿವಿನಾಳ ಬಾಚೊಯ್ ಅಂಗಡಿ

ಇಲೊಯಿಲೊ ನಗರದ ಲಾಪಾಸ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ನಮ್ಮಕ್ಕ ಲುದಿವಿನಾ ಬಾಚೊಯ್ ಮಾರುತ್ತಾಳೆ. ಶಾವಿಗೆ, ಹಂದಿಮಾಂಸ, ಮೇಲೆ ಕುದಿಯುವ ಎಲುಬಿನ ಸಾರು. ಬಟ್ಟಲು ಅರ್ಧವಾದಾಗ ಗಿರಾಕಿ ಮುಂದೆ ಚಾಚಿದರೆ ಇನ್ನೊಂದು ಸೌಟು ಸಾರು ಪುಕ್ಕಟೆ. ಕೆಲವರು ಚಾಚುತ್ತಲೇ ಇರುತ್ತಿದ್ದರು. "ಬಕೆಟ್ ತರ್ಲಾ?" ಎಂದು ಬೈಯುತ್ತಲೇ ಅಕ್ಕ ಬಡಿಸುತ್ತಿದ್ದಳು.

ಆಮೇಲೆ ಮನೆಗೆ ಊಟ ತಲುಪಿಸುವ ಕಂಪನಿಗಳು ಬಂದವು. ಪೊಟ್ಟಣದಲ್ಲಿ ಎರಡನೇ ಸೌಟು ಎಲ್ಲಿಂದ ಬರಬೇಕು? ಆದರೂ ಜನ ರಿಯಾಯಿತಿಗೆ ಮರುಳಾದರು. ಮೊದಲು ಎರಡು ಕಂಪನಿಗಳಿದ್ದವು, ನಾವೂ ಎರಡಕ್ಕೂ ಸೇರಿದ್ದೆವು. ಒಂದು ಕಮಿಷನ್ ಏರಿಸಿದರೆ ಅಕ್ಕ ಇನ್ನೊಂದರ ಹೆಸರು ಹೇಳಿ ಜಗ್ಗಾಡುತ್ತಿದ್ದಳು. ದೊಡ್ಡದು ಚಿಕ್ಕದನ್ನು ನುಂಗಿತು. ಈ ವರ್ಷ ಹೊಸ ಷರತ್ತು ಬಂತು: ಆ್ಯಪಿನ ದರಕ್ಕಿಂತ ಕಡಿಮೆಗೆ ಅಂಗಡಿಯಲ್ಲೂ ಮಾರಬಾರದು. ಆ ದರದಲ್ಲಿ ಅವರ ಕಮಿಷನ್ನೂ ಸೇರಿದೆ. ಅಂದರೆ ನಮ್ಮೆದುರು ಕೂತು ತಿನ್ನುವವನೂ ದಂಡ ತೆರಬೇಕು.

"ನನ್ ಗಿರಾಕಿಗಳ ಜೇಬಿಗೆ ಕೈ ಹಾಕೋಕೆ ಇವರ್ಯಾರೇ?" ಅಕ್ಕ ಕೆಂಡವಾದಳು. "ಇಷ್ಟು ವರ್ಷ ನನ್ ಕೈಯೂಟ ತಿಂದೋರು. ಬಿಟ್ಟು ಎಲ್ಲಿಗೆ ಹೋಗ್ತಾರೆ?"

"ಸ್ವಲ್ಪ ದಿನ ನೋಡೋಣ ಕಣಕ್ಕಾ."

"ಹೆದರುಪುಕ್ಕಲಿ!" ಎಂದವಳೇ ಆ್ಯಪಿನಿಂದ ಅಂಗಡಿಯನ್ನು ತೆಗೆಸಿಬಿಟ್ಟಳು. ನನಗೂ ಒಳಗೊಳಗೇ ಹೆಮ್ಮೆಯಾಯಿತು.

ಮರುದಿನ ದೊಡ್ಡ ಹಂಡೆಯ ತುಂಬ ಸಾರು ಕುದಿಸಿದಳು. ಮಧ್ಯಾಹ್ನವಾದರೂ ಬಂದವರು ಬೆರಳೆಣಿಕೆಯ ಮಂದಿ. ಆಗ ಎದುರಿನ ಕ್ಷೌರದಂಗಡಿಗೆ ಬೈಕಿನವನೊಬ್ಬ ಬಂದು ಕ್ಷೌರಿಕ ಎಲಿಸೆಯೊನ ಕೈಗೆ ಬೇರೆ ಅಂಗಡಿಯ ಬಾಚೊಯ್ ಪೊಟ್ಟಣ ಕೊಟ್ಟ. ಎಲಿಸೆಯೊ ನಮ್ಮ ಹಳೆಯ ಗಿರಾಕಿ. ರಿಯಾಯಿತಿಯ ರುಚಿ ಹತ್ತಿದ ಮೇಲೆ ನಮ್ಮ ಬಾಚೊಯ್ಯನ್ನೂ ಆ್ಯಪಿನಲ್ಲೇ ತರಿಸುತ್ತಿದ್ದ. ಅಕ್ಕ ಸೌಟು ಹಿಡಿದೇ ಓಣಿ ದಾಟಿದಳು. ನಾನು ಹಿಂದೆ ಓಡಿದೆ.

"ಏನೋ ಎಲಿಸೆಯೊ, ನನ್ ಸಾರು ಹಳಸಿತ್ತಾ?"

ಅವನು ಗಾಬರಿಯಾದ. "ಅಯ್ಯೋ ಅಕ್ಕಾ, ಅಂಗಡಿ ಮುಚ್ಚಿದ್ರಿ ಅಂದ್ಕೊಂಡೆ! ಫೋನಲ್ಲಿ ಹುಡುಕ್ದೆ, ನಿಮ್ ಹೆಸ್ರೇ ಇರ್ಲಿಲ್ಲ."

"ಇಲ್ಲಿ ನಿಂತ್ರೆ ನನ್ ಒಲೆ ಹೊಗೆ ಕಾಣ್ತದಲ್ಲೋ! ಕತ್ತೆತ್ತಿ ನೋಡೋಕೇನಾಗಿತ್ತು?"

"ನೋಡ್ಬೇಕಿತ್ತು... ಹೊಳೀಲೇ ಇಲ್ಲ." ಅವನಿಗೆ ನಿಜಕ್ಕೂ ಬೇಸರವಾಗಿತ್ತು. ಕುಹಕವಾಡಿದ್ದರೆ ಅಕ್ಕ ಜಗಳಾಡಿಯಾದರೂ ಹಗುರಾಗುತ್ತಿದ್ದಳು. "ಬನ್ನಿ, ನೀವೂ ತಿನ್ನಿ" ಎಂದು ಪೊಟ್ಟಣ ಮುಂದೆ ಮಾಡಿದ ಪುಣ್ಯಾತ್ಮ.

ಅಕ್ಕ ವಾಪಸು ಬಂದು ಸ್ಟೂಲಿನ ಮೇಲೆ ಕೂತಳು. ಸೌಟನ್ನು ಹಂಡೆಯ ಮೇಲಿಟ್ಟು, "ಫೋನ್ ಕೊಡೇ" ಎಂದಳು.

ನಾನು ಫೋನ್ ಕೊಡದೆ ಹಿಡಿದುಕೊಂಡೆ. "ಮತ್ತೆ ಆ್ಯಪಿಗೆ ಸೇರ್ತೀಯಾ? ಅಂಗಡೀಲೂ ದರ ಏರಿಸ್ಬೇಕಾಗ್ತದೆ."

"ಏರಿಸ್ತೀನಿ. ನಾನಿನ್ನೂ ಇದೀನಿ ಅಂತ ಎದುರಂಗಡಿಯವನಿಗೆ ಹೇಳೋಕೂ ಈಗ ಅವರನ್ನೇ ಕೇಳ್ಬೇಕು."