ಹಿಂದಿನ ಗಾಲಿಯ ರಿಮ್ಮು

ಐದನೆಯ ರೊಟ್ಟಿಯೂ ಒಂದು ಬದಿಗೆ ದಪ್ಪವಾಯಿತು. ಗುರುಶಾಂತಮ್ಮ ತಿರುಗಿಸಿ ತಿರುಗಿಸಿ ಬಡಿದರೂ ಎಡಗೈಯ ಮಣಿಕಟ್ಟು ಒಂದಿಷ್ಟು ಬಾಗಿ ಅಲ್ಲಿಗೇ ನಿಂತುಬಿಡುತ್ತಿತ್ತು. ಎಂಟು ವರ್ಷದಿಂದ ಈ ಮನೆಯ ರೊಟ್ಟಿಗಳೆಲ್ಲ ಹೀಗೆಯೇ. ಉಣ್ಣುವವರಿಗೆ ಅದು ರೂಢಿಯಾಗಿತ್ತು, ಬಡಿಯುವವಳಿಗೆ ಆಗಿರಲಿಲ್ಲ.

ಪಡಸಾಲೆಯಲ್ಲಿ ಗಂಡ ವಾಮದೇವಪ್ಪ ಚೌಕಿಪೇಟೆಯ ಬಟ್ಟೆ ಅಂಗಡಿಗೆ ಹೊರಟು ನಿಂತಿದ್ದ. ಟೊಪ್ಪಿಗೆ ಸರಿಮಾಡಿಕೊಳ್ಳುತ್ತಲೇ ಅಡುಗೆಮನೆಯ ಕಡೆ ಮುಖ ಮಾಡಿ ಹೇಳಿದ:

"ಮಿಸ್ತ್ರಿ ಮಕ್ತುಮ್ ಸಾಬ್ರು ಬರ್ತಾರೆ. ಸ್ಟೆಪ್ನಿ ಸೇರಿ ಸ್ಕೂಟರಿನ ಮೂರೂ ಗಾಲಿದು ರಿಮ್ಮು ಬದಲಾಯಿಸ್ರಿ ಅಂದೀನಿ. ಎರಡು ತರದ್ದು ತರ್ತಾರಂತೆ. ಹೊಳಿಯೋವು ಹಾಕಿಸು. ಸೋಮವಾರ ಅಕ್ಕನ ಮೊಮ್ಮಗನ ತೊಟ್ಟಿಲಿಗೆ ಹೋಗೋದೈತೆ, ಹರಿಹರದ ಮಂದಿ ನೋಡ್ಲಿ."

"ನಂಗೇನು ತಿಳೀತೈತ್ರೀ ಅದು?"

"ತಿಳಿಯಾಕೇನೈತೆ? ಗಡಿಗೆ ಆರಿಸಲ್ವಾ, ಹಂಗೆ."

ಕನ್ನಡಿಯ ಮುಂದೆ ಜಡೆ ಹೆಣೆಯುತ್ತಿದ್ದ ಮಗಳು ಶಾಂತಕುಮಾರಿ ನಡುವೆ ಬಾಯಿ ಹಾಕಿದಳು. "ಅಪ್ಪಾ, ಸೋಮವಾರ ಸ್ಕೂಟರಿಗೆ ನಾನು. ಅವ್ವ ಹೆಂಗೂ ಬಸ್ಸಿಗೆ ಬರ್ತಾಳೆ."

"ನೀನಾದ್ರೂ ನೆಟ್ಟಗೆ ಕೂಡ್ತೀಯಾ, ಇಲ್ಲಾ ನಿಮ್ಮವ್ವನಂಗೆ ಹತ್ತಿ ಅಂಡಿಗೆನಾ?"

ಅಪ್ಪ ಮಗಳು ಇಬ್ಬರೂ ನಕ್ಕರು. ಒಲೆಯ ಮುಂದೆ ಗುರುಶಾಂತಮ್ಮನೂ ನಕ್ಕಳು. ಮನೆಗೆ ಬಂದ ನೆಂಟರಿಗೆಲ್ಲ ಹೇಳಿ ಹೇಳಿ ಸವೆದ ಮಾತು ಅದು. ಎಂಟು ವರ್ಷದ ಹಿಂದೆ ಸ್ಕೂಟರಿನಲ್ಲಿ ಹೋಗುತ್ತ, ಹರಿಹರ ಇನ್ನೆರಡು ಮೈಲಿ ಇರುವಾಗ ಗಾಳಿಗೆ ಹಾರಿದ ಸೆರಗನ್ನು ಹಿಡಿಯಲು ಅವಳು ಕೈ ಬಿಟ್ಟಳು, ಗಾಡಿಗೆ ಹೇರಿದ ಹತ್ತಿ ಅಂಡಿಗೆ ವಾಲಿದ ಹಾಗೆ ವಾಲಿದಳು, ತಾನೂ ಬಿದ್ದು ಗಂಡನನ್ನೂ ಬೀಳಿಸಿದಳು. ಕೈ ಬಿಟ್ಟದ್ದು ನಿಜ. ಅದಕ್ಕೇ ಅವಳು ಯಾವತ್ತೂ ಎದುರಾಡಿರಲಿಲ್ಲ.

ಗಂಡ ಅಂಗಡಿಗೂ ಮಗಳು ಕಾಲೇಜಿಗೂ ಹೋದ ಮೇಲೆ ಮಕ್ತುಮ್ ಸಾಬ ಬಂದ. ಗೋಣಿಚೀಲ ಇಳಿಸಿ, ಅಂಗಳದ ಬೇವಿನ ನೆರಳಿಗೆ ಸ್ಕೂಟರನ್ನು ತಳ್ಳಿಕೊಂಡ. ಬಿಚ್ಚಿದ ನಟ್ಟುಗಳನ್ನು ಇಡಲು ತಟ್ಟೆ ಕೇಳಿದ. ಗುರುಶಾಂತಮ್ಮ ಹಳೆಯ ಹಿತ್ತಾಳೆ ತಟ್ಟೆ ತಂದುಕೊಟ್ಟು ಕಟ್ಟೆಯ ಮೇಲೆ ಕುಳಿತಳು.

ಅವನು ಮೊದಲು ಮಾಡಿದ ಕೆಲಸ ಟ್ಯೂಬಿನ ಗಾಳಿ ಬಿಟ್ಟದ್ದು.

"ಇದು ಎರಡು ಹೋಳಿನ ರಿಮ್ಮು ಅಮ್ಮಾರೆ. ಎರಡು ತಾಟು ಬೆನ್ನಿಗೆ ಬೆನ್ನು ಹಚ್ಚಿ ಬಿಗಿದಂಗೆ. ಗಾಳಿ ಇರೋವಾಗ ನಟ್ಟು ಬಿಚ್ಚಿದ್ರೆ ಸಿಡಿದು ಮುಖಕ್ಕ ಬಡೀತಾವೆ. ಮೊದ್ಲು ಗಾಳಿ, ಆಮ್ಯಾಲೆ ನಟ್ಟು."

ಗೋಣಿಚೀಲದಿಂದ ಎರಡು ತರದ ರಿಮ್ಮು ಹೊರಬಂದವು. ಒಂದು ಬೊಂಬಾಯಿಯ ಹೊಸ ಮಾಲು, ಬಿಸಿಲು ಬಿದ್ದ ಕಡೆ ಕಣ್ಣು ಕುಕ್ಕುತ್ತಿತ್ತು. ಇನ್ನೊಂದು ಗುತ್ತೂರಿನವರೊಬ್ಬರ ಹಳೆಯ ಗಾಡಿಯಿಂದ ಬಿಚ್ಚಿದ್ದು, ಒಲೆಯ ಬೂದಿಯ ಬಣ್ಣ.

"ಯಜಮಾನ್ರು ಹೊಳಿಯೋವು ಅಂದಾರೆ," ಎಂದ ಸಾಬ.

"ನೀವೇನಂತೀರಿ?"

"ನಾ ಏನನ್ನಲ್ರಿ. ನಿಕಾಹ್ ಮಾಡ್ಸೋನು ಹೆಣ್ಣು ಆರಿಸ್ತಾನೇನ್ರಿ?"

ಗುರುಶಾಂತಮ್ಮನಿಗೆ ನಗು ಬಂತು. ಕಟ್ಟೆಯಿಂದ ಇಳಿದು ಬಂದು ಹೊಳೆಯುವ ಹೋಳೊಂದನ್ನು ಎಡಗೈ ಬೆರಳಿಗೆ ನೇತುಹಾಕಿ ಬಲಗೈಯ ಗೆಣ್ಣಿನಿಂದ ತಟ್ಟಿದಳು. ಸರಿಯಾಗಿ ಕೇಳಿಸಲಿಲ್ಲ. ಸಾಬನ ಪಾನಾ ತೆಗೆದುಕೊಂಡು ಮೆಲ್ಲಗೆ ಬಡಿದಳು. ಠಣ್ ಎಂದಿತು. ಎರಡನೆಯದೂ ಹಾಗೆಯೇ. ಮೂರನೆಯದು ಮಾತ್ರ ಥಕ್ ಎಂದು ಅಲ್ಲೇ ಸತ್ತಿತು. ಸಂತೆಯಲ್ಲಿ ಬಿರುಕಿನ ಗಡಿಗೆ ಹೀಗೇ ಅನ್ನುತ್ತದೆ. ಆಮೇಲೆ ಬೂದಿ ಬಣ್ಣದವನ್ನು ಒಂದೊಂದಾಗಿ ಬಡಿದಳು. ಆರೂ ಹೋಳು ಗುಡಿಯ ಗಂಟೆಯ ಹಾಗೆ ಉಲಿದವು. ಕೊನೆಯದರ ದನಿ ಬೇವಿನ ಮರದವರೆಗೂ ಹೋಗಿ ಬಂದಂತಾಯಿತು.

"ಅರೆ ಅಲ್ಲಾ!" ಸಾಬ ಗಡ್ಡ ಕೆರೆದುಕೊಂಡ. "ನಲವತ್ತು ವರ್ಷದ ಮಿಸ್ತ್ರಿ ನಾನು. ನೀವು ಅಡಿಗಿಮನಿಯಾಗ ಕುಂತು ಕಲ್ತೀರಲ್ರಿ! ಹೊಳಪಿನ ಬುಡಕ ಬೆಸುಗೆ ಹಾಕಿದ್ರೆ ಕಣ್ಣಿಗೆ ಕಾಣಲ್ಲ. ಇವು ನೋಡ್ರಿ, ಬೋಲ್ಟಿನ ತೂತು ಇನ್ನೂ ದುಂಡಗದಾವೆ. ತಗಡೂ ದಪ್ಪ."

"ಬೂದಿ ಬಣ್ಣದವೇ ಹಾಕ್ರಿ. ಅವರಿಗೆ ನಾ ಹೇಳ್ತೀನಿ."

ಮುಂದಿನ ಗಾಲಿ ಮುಗಿಯಿತು, ಹಿಂದಿನದೂ ಮುಗಿಯಿತು. ಉಳಿದದ್ದು ಸ್ಟೆಪ್ನಿ, ಸೀಟಿನ ಹಿಂದೆ ಬಿಗಿದಿದ್ದ ಮೂರನೆಯ ಗಾಲಿ. ಅವಳು ಬಿದ್ದ ದಿನ ಹಿಂದಿನ ಗಾಲಿಯಾಗಿದ್ದದ್ದು ಅದೇ. ಬಿದ್ದ ಪೆಟ್ಟಿಗೇ ಗಾಳಿ ಹೋಗಿದೆ ಎಂದುಕೊಂಡು ಅವತ್ತು ಬಿಚ್ಚಿ ಸ್ಟೆಪ್ನಿ ಜಾಗಕ್ಕೆ ಕಟ್ಟಿ ತಂದದ್ದನ್ನು ಮತ್ತೆ ಯಾರೂ ಮುಟ್ಟಿರಲಿಲ್ಲ. 'ಆ ಗಾಲಿ ಇನ್ನ ನೆಲ ಮುಟ್ಟಬಾರ್ದು' ಎಂದು ಅತ್ತೆ ವಿಭೂತಿ ಹಚ್ಚಿ ಬಾಯಿಬಿಟ್ಟು ಹೇಳಿದ್ದರು. ಅತ್ತೆ ತೀರಿಕೊಂಡ ಮೇಲೂ ಆ ಮಾತು ನಡೆದುಕೊಂಡೇ ಬಂದಿತ್ತು.

ನಟ್ಟುಗಳಿಗೆ ತುಕ್ಕು ಹಿಡಿದಿತ್ತು. ಸೀಮೆಎಣ್ಣೆ ಬಿಟ್ಟು, ಕಾದು, ಸಾಬ ಬಿಚ್ಚಿದ. ಎರಡು ಹೋಳುಗಳನ್ನು ಬೇರೆ ಮಾಡಿ ಒಳಗೆ ನೋಡಿದ.

"ಇದನ್ನ ಯಾರು ಹಾಕಿದ್ರಿ?"

"ನೀವಾಗ ಹುಬ್ಬಳ್ಳಿಯಾಗ ಇದ್ರಿ. ಹದಡಿ ರಸ್ತೆ ಗುಂಡಿಗೆ ಬಿದ್ದು ಮೊದಲಿಂದು ಸೊಟ್ಟ ಆಗಿತ್ತು. ಅವರೇ ಪ್ಯಾಟಿಯಾಗ ಆರಿಸಿ ತಂದ್ರು."

ಸಾಬ ಹೋಳನ್ನು ಬಿಸಿಲಿಗೆ ಹಿಡಿದ. ಹೊರಮೈ ಇನ್ನೂ ಹೊಳೆಯುತ್ತಿತ್ತು. ಒಳಗೆ ಒಂದು ಬೋಲ್ಟಿನ ತೂತಿನಿಂದ ಅಂಚಿನವರೆಗೆ ಯಾರೋ ಬೆಸುಗೆ ಹಾಕಿ ಉಜ್ಜಿದ ಗೆರೆ. ಆ ಗೆರೆಯೇ ಬಾಯಿ ಬಿಟ್ಟಿತ್ತು. ಬಿರುಕಿಗೆ ಕಚ್ಚಿಕೊಂಡು ಟ್ಯೂಬಿನ ಹರಿದ ಚೂರೊಂದು ಒಣಗಿ ನಿಂತಿತ್ತು.

"ಸ್ಟೆಪ್ನಿಯಾಗಿದ್ದಾಗ ಬಿಟ್ಟಿರಬೌದಾ, ಸಾಬ್ರೆ?"

"ಅಲ್ಲಿ ಯಾಕ ಬಿಡ್ತೈತ್ರಿ? ಅದಕ್ಕ ಭಾರ ಎಲ್ಲೈತೆ? ಓಡೋವಾಗ್ಲೇ ಬಿಟ್ಟೈತೆ. ಟ್ಯೂಬು ಹರದು, ಪಟಾರ್ ಅಂತ ಗಾಳಿ ಹೋಗಿ, ಗಾಲಿ ಹೊರಳೈತೆ." ಅವಳ ಮಣಿಕಟ್ಟಿನ ಮೇಲೆ ಅವನ ಕಣ್ಣು ಒಂದು ಗಳಿಗೆ ನಿಂತು ಸರಿಯಿತು. "ಯಾರು ಕುಂತಿದ್ರೂ ಬೀಳ್ತಿದ್ರು, ಅಮ್ಮಾರೆ. ಕಂಬಕ್ಕ ಕಟ್ಟಿ ಕುಂದ್ರಿಸಿದ್ರೂ."

ಸಾಬ ಹೋದ ಮೇಲೆ ಗುರುಶಾಂತಮ್ಮ ಆ ಹೋಳನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕುಳಿತಳು.

ಇದನ್ನು ತಂದ ದಿನ ಗಂಡ ಸೀರೆ ತಂದವನಂತೆ ಪೇಪರು ಸುತ್ತಿ ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದ. 'ನೋಡು, ನಿನ್ನ ಮುಖ ಕಾಣ್ತೈತೆ' ಎಂದಿದ್ದ. ಇಬ್ಬರ ಮುಖವೂ ಕಂಡಿತ್ತು, ಉದ್ದುದ್ದವಾಗಿ, ಒಂದಕ್ಕೊಂದು ಅಂಟಿಕೊಂಡು. ಆಗ ಮನೆಯಲ್ಲಿ ಅತ್ತೆ, ಮಾವ, ಮೈದುನರು. ಹಗಲಲ್ಲಿ ಗಂಡನ ಜೊತೆ ಒಂದು ಪೂರ್ತಿ ಮಾತು ಆಡಲು ಮೂಲೆಯೂ ಇರಲಿಲ್ಲ. ಇದ್ದದ್ದು ಸ್ಕೂಟರಿನ ಸೀಟು. ಭಾನುವಾರ ಸಂಜೆ ಹರಿಹರದ ಸೇತುವೆಯವರೆಗೆ ಹೋಗುವುದು, ಹೊಳೆ ನೋಡುತ್ತ ಮಂಡಕ್ಕಿ ತಿನ್ನುವುದು, ತಿರುಗಿ ಬರುವುದು. ದಾರಿಯುದ್ದಕ್ಕೂ ಅವನು ಮುಂದೆ ಕೂತು ಮಾತಾಡುತ್ತಿದ್ದ. ಅರ್ಧ ಗಾಳಿಗೆ ಹೋಗುತ್ತಿತ್ತು, ಅರ್ಧ ಅವಳಿಗೆ ಸಿಗುತ್ತಿತ್ತು. ಎಲ್ಲದಕ್ಕೂ ಅವಳು ಹೂಂ ಅನ್ನುತ್ತಿದ್ದಳು. ಬಿದ್ದ ಮೇಲೆ ಅವನು ಮತ್ತೆ ಕರೆಯಲಿಲ್ಲ, ಅವಳು ಬರುತ್ತೇನೆ ಎನ್ನಲಿಲ್ಲ. ಈಗ ಮನೆ ತುಂಬ ಮೂಲೆಗಳಿದ್ದವು. ಮಾತು ಮಾತ್ರ ಉಪ್ಪು, ಬೇಳೆ, ಮಗಳ ಕಾಲೇಜು, ಅಷ್ಟಕ್ಕೇ ಮುಗಿಯುತ್ತಿತ್ತು.

ಬಿದ್ದ ದಿನ ಎತ್ತಿನ ಗಾಡಿಯಲ್ಲಿ ಆಸ್ಪತ್ರೆಗೆ ಹೋಗುವಾಗ ಅವಳ ತಲೆ ಅವನ ತೊಡೆಯ ಮೇಲಿತ್ತು. 'ಕೈ ಯಾಕ ಬಿಟ್ಟೆ? ಕೈ ಯಾಕ ಬಿಟ್ಟೆ?' ಎಂದು ಕೇಳುತ್ತ ಅವನು ಅಳುತ್ತಿದ್ದ. ಹತ್ತಿ ಅಂಡಿಗೆಯ ನಗೆ ಹುಟ್ಟಿದ್ದು ಅದಾದ ಎಷ್ಟೋ ತಿಂಗಳ ಮೇಲೆ.

ಸಂಜೆ ಬಂದ ವಾಮದೇವಪ್ಪ ಸ್ಕೂಟರಿನ ಸುತ್ತ ಒಂದು ಸುತ್ತು ಹಾಕಿ ಮುಖ ಕಿವಿಚಿದ.

"ಏನಿದು, ಬೂದಿ ಬಳದಂಗೆ?"

"ಅವುಗಳ ಸದ್ದು ಚಲೋ ಇತ್ತು. ಅದಕ್ಕೆ ಅವನ್ನೇ ಹಾಕಿಸಿದೆ."

"ಸದ್ದಾ? ಕೇಳ್ದೇನವ್ವಾ ಶಾಂತಾ, ಗಾಲಿ ಸದ್ದು ಕೇಳಿ ಆರಿಸ್ಯಾಳಂತೆ! ಕುಂದ್ರಾಕ ಬರಲ್ದಾಕಿ!"

ಮಗಳು ನಕ್ಕಳು. ಗುರುಶಾಂತಮ್ಮ ನಗಲಿಲ್ಲ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವನ ಮುಖ ನೋಡಿದಳು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಅವಳು ನಗದಿದ್ದದ್ದನ್ನು ಕಂಡು ಅವನ ನಗು ಅರ್ಧಕ್ಕೇ ನಿಂತಿತು. ನೀರು ಕುಡಿಯಲು ಅಡುಗೆಮನೆಗೆ ನಡೆದ.

"ಕೊಡದ ಬುಡಕ ಇದೇನು ಹೊಸದು?"

"ಸಿಂಬಿ ಹರದಿತ್ತು. ಹಳೇ ರಿಮ್ಮು ಬಿದ್ದಿತ್ತಲ್ಲ, ಸರಿಯಾಗಿ ಕುಂತ್ಕಂತು."

"ಭಲೆ," ಎಂದು ಅವನು ಬಗ್ಗಿ ತಂಬಿಗೆ ತುಂಬಿಕೊಂಡ. ಬಿರುಕಿನ ಬದಿಯನ್ನು ಅವಳು ಗೋಡೆಗೆ ತಿರುಗಿಸಿ ಇಟ್ಟಿದ್ದಳು. ಅವನು ಗಟಗಟ ಕುಡಿದು, ಬಾಯಿ ಒರೆಸಿಕೊಂಡು ಹೊರಗೆ ಹೋದ.

ದೀಪ ಹಚ್ಚುವ ಮೊದಲು ಅವಳು ಟ್ರಂಕು ತೆಗೆದು, ಅಡಿಯಲ್ಲಿದ್ದ ಹಸಿರು ಇಳಕಲ್ ಸೀರೆಯನ್ನು ಹೊರಗೆಳೆದು ಕೊಡವಿದಳು. ಒಣಗಿದ ಬೇವಿನ ಎಲೆಗಳು ಉದುರಿದವು. ಸ್ಕೂಟರಿನಿಂದ ಬಿದ್ದ ದಿನ ಹರಿದಲ್ಲಿ ಹಾಕಿದ್ದ ಹೊಲಿಗೆ ಇನ್ನೂ ಗಟ್ಟಿಯಾಗಿತ್ತು.

"ಸೋಮವಾರ ಇದಾ, ಅವ್ವಾ?" ಶಾಂತಕುಮಾರಿ ಬಾಗಿಲಲ್ಲಿ ನಿಂತು ಕೇಳಿದಳು. "ಬಸ್ಸಿನಾಗ ಮುದ್ದಿಯಾಗ್ತೈತೆ."

"ನೋಡೋಣ."

ಮಗಳು ಹೋದಳು. ಗುರುಶಾಂತಮ್ಮ ಸೀರೆಯನ್ನು ಮಡಿಸಿ, ಕೈಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನನ್ನು ತೆಗೆದು, ಭುಜದ ಮೇಲೆ ಸೆರಗು ನಿಲ್ಲುವ ಜಾಗ ನೋಡಿ ಅಲ್ಲಿಗೆ ಚುಚ್ಚಿಟ್ಟಳು. ಬಸ್ಸಿನಲ್ಲಿ ಹೋಗುವವರಿಗೆ ಆ ಪಿನ್ನು ಬೇಕಾಗುತ್ತಿರಲಿಲ್ಲ.